ಹತ್ತೊಂಬತ್ತನೇ ಗೇಟು, ನಲವತ್ತು ನಿಮಿಷ

ನಾಟಕ ಹೊಸದಾಗಿರಬೇಕು. ಎಲ್ಲೂ ಅಚ್ಚಾಗಿರಬಾರದು, ಯಾರೂ ಆಡಿರಬಾರದು. ಬಳ್ಳಾರಿಯ ಏಕಾಂಕ ನಾಟಕೋತ್ಸವದ ಕರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ಷರತ್ತು. ಉಳಿದವು ಎಲ್ಲ ಕಡೆ ಇರುವಂಥವೇ. ಪ್ರದರ್ಶನ 40 ನಿಮಿಷ ಮೀರಬಾರದು. ಆರಕ್ಕಿಂತ ಜಾಸ್ತಿ ಪಾತ್ರ ಬೇಡ. ರಂಗಸಜ್ಜಿಕೆಯನ್ನು ಹತ್ತು ನಿಮಿಷದಲ್ಲಿ ಕಟ್ಟಿ ಹತ್ತು ನಿಮಿಷದಲ್ಲಿ ಬಿಚ್ಚುವಂತಿರಬೇಕು. ಹಸ್ತಪ್ರತಿಯ ಮೇಲೆ ಬರೆದವರ ಹೆಸರು ಇರಬಾರದು.

ನಮ್ಮ ಕಡೆ ನಾಟಕಕ್ಕೆ ಬರ ಇಲ್ಲ. ಜಾತ್ರೆ ಬಂತೆಂದರೆ ಊರೂರಲ್ಲಿ ಸಾಮಾಜಿಕ ನಾಟಕ. ರಾತ್ರಿ ಶುರುವಾದರೆ ಬೆಳಕು ಹರಿಯುವವರೆಗೆ. ಬಯಲಾಟ ಆಡುವ ಊರುಗಳೂ ಇನ್ನೂ ಇವೆ. ಆದರೆ ಆಡುವ ನಾಟಕಗಳಲ್ಲಿ ಹೆಚ್ಚಿನವು ಹಳೆಯವು. ಯಾವ ಮಾತಿಗೆ ಶಿಳ್ಳೆ ಬೀಳುತ್ತದೆ, ಯಾವ ಹಾಡಿಗೆ ಒನ್ಸ್‌ಮೋರ್ ಬರುತ್ತದೆ ಅಂತ ಆಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದರ ಸುಖವೇ ಬೇರೆ, ಇಲ್ಲ ಅನ್ನುವುದಿಲ್ಲ. ಆದರೆ ಮೊನ್ನೆ ಮೊನ್ನೆ ನಮ್ಮ ಹೊಲದಲ್ಲಿ, ನಮ್ಮ ಕಾಲುವೆ ಮೇಲೆ ನಡೆದದ್ದು ಆ ರಂಗದ ಮೇಲೆ ಬರುವುದೇ ಇಲ್ಲ. ನನಗೆ ಬರೆಯಬೇಕಿದ್ದದ್ದು ಅದು.

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಮು ತುಂಬಿತ್ತು. ತುಂಬಿದ್ದೇ ಭಯಕ್ಕೆ ಕಾರಣವಾಯಿತು. ಸುಮಾರು 105 ಟಿಎಂಸಿ ಹಿಡಿಯುವ ಡ್ಯಾಮಿನಲ್ಲಿ ಅಷ್ಟು ನೀರು ಇಟ್ಟುಕೊಂಡು ಗೇಟು ಕೂರಿಸುವುದು ಹೇಗೆ? ಅರ್ಧಕ್ಕಿಂತ ಜಾಸ್ತಿ ನೀರು ಹೊರಗೆ ಬಿಡಬೇಕಾದೀತು ಅನ್ನುವ ಮಾತು ಬೆಳಗಾಗುವಷ್ಟರಲ್ಲಿ ಎಲ್ಲ ಮೊಬೈಲುಗಳಲ್ಲಿತ್ತು. ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿಯ ಹೊತ್ತು ಅದು. ಆಮೇಲೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆಗಳನ್ನು ಇಳಿಸಿದರು. 17ರ ಹೊತ್ತಿಗೆ ಸೋರಿಕೆ ನಿಂತಿತು. ಮಳೆಯೂ ಕೈಹಿಡಿಯಿತು, ಡ್ಯಾಮು ಮತ್ತೆ ತುಂಬಿತು. ಕತೆ ಸುಖಾಂತ್ಯ ಅಂತ ಪೇಪರಿನವರು ಬರೆದರು. ನನಗೆ ಬೇಕಾಗಿದ್ದು ಮಾತ್ರ ಆ ಮೊದಲ ರಾತ್ರಿ. ಏನೂ ಖಚಿತವಾಗಿ ಗೊತ್ತಿಲ್ಲದ, ಗಾಳಿಸುದ್ದಿ ಮಾತ್ರ ಓಡಾಡುತ್ತಿದ್ದ ಆ ಕೆಲವು ತಾಸು.

ಏಕಾಂಕಕ್ಕೆ ಇದಕ್ಕಿಂತ ಒಗ್ಗುವ ವಸ್ತು ನನಗೆ ಹೊಳೆಯಲಿಲ್ಲ. ಒಂದೇ ಜಾಗ, ಕಾಲುವೆ ಏರಿ. ಒಂದೇ ರಾತ್ರಿ. ನಾಲ್ಕು ಜನ: ಸಸಿ ಕಿತ್ತಿಟ್ಟುಕೊಂಡು ಕೂತ ತಾಯಿ, ಅವಳ ಮಗ, ಕಾಲುವೆ ಕಾಯುವ ಗ್ಯಾಂಗ್‌ಮನ್, ಕೊಟ್ಟ ಸಾಲ ವಾಪಸು ಕೇಳಲು ಬಂದ ಗೊಬ್ಬರದ ಅಂಗಡಿ ಹುಡುಗ. ದೊಡ್ಡ ನಾಟಕವಾದರೆ ಎಂಜಿನಿಯರು, ಮಂತ್ರಿ, ಪೇಪರಿನವರು ಎಲ್ಲರನ್ನೂ ಕರೆಸಬೇಕಾಗುತ್ತಿತ್ತು. ಇಲ್ಲಿ ಅವರೆಲ್ಲ ಫೋನಿನ ಆ ಕಡೆ ಇದ್ದರೆ ಸಾಕು.

ಹಸ್ತಪ್ರತಿ ಆಯ್ಕೆಯಾದ ಮೇಲೆ ಓದು ಇಟ್ಟುಕೊಂಡಿದ್ದರು. ಇದನ್ನು ನಾನು ಬಹಳ ಮೆಚ್ಚಿದೆ. ಬರೆದವರು ತಮ್ಮ ನಾಟಕವನ್ನು ತಾವೇ ಓದುವಂತಿಲ್ಲ. ಬೇರೆಯವರು ಓದುತ್ತಾರೆ, ನೀವು ಗಡಿಯಾರ ಇಟ್ಟುಕೊಂಡು ಕೇಳಬೇಕು. ಕೈಬರಹದ ಒಂದು ಪುಟ ಸಂಭಾಷಣೆ ಬಾಯಲ್ಲಿ ಸುಮಾರು ಎರಡು ನಿಮಿಷ ಆಗುತ್ತದೆ. ರಂಗದ ಮೇಲೆ ನಡೆದಾಟ, ಮೌನ, ಬೆಳಕಿನ ಬದಲಾವಣೆ ಸೇರಿದರೆ ಇನ್ನೂ ಹೆಚ್ಚು. ಹಾಗಾಗಿ 40 ನಿಮಿಷದ ನಾಟಕ ಅಂದರೆ ಹದಿನೈದು, ಹದಿನಾರು ಪುಟ. ಅದಕ್ಕಿಂತ ಜಾಸ್ತಿ ಬರೆದಿದ್ದವರೆಲ್ಲ ಅಲ್ಲೇ ಪೆನ್ನು ತೆಗೆದರು. ನಾನೂ ತೆಗೆದೆ. ಗೊಬ್ಬರದ ಹುಡುಗನ ಪ್ರೇಮ ಪ್ರಸಂಗ ಹೋಯಿತು. ಗ್ಯಾಂಗ್‌ಮನ್‌ನ ಹಿಂದಿನ ಕತೆ ಹೋಯಿತು. ಹೋದದ್ದರ ಬಗ್ಗೆ ಒಂದು ದಿನವೂ ಚಿಂತೆ ಆಗಲಿಲ್ಲ.

ನಾಟಕ ಆಡಲು ಒಪ್ಪಿದ್ದು ಊರಿನ ಒಂದು ಹವ್ಯಾಸಿ ತಂಡ. ಬ್ಯಾಂಕಿನವರು, ಕಾಲೇಜು ಹುಡುಗರು, ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ಒಬ್ಬ, ಜೊತೆಗೆ ವೃತ್ತಿ ನಾಟಕಗಳಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿದ ಒಬ್ಬ ಅಕ್ಕ. ಎಲ್ಲರಿಗೂ ಹಳ್ಳಿ ನಾಟಕದ ಅನುಭವ ಸ್ವಲ್ಪ ಇತ್ತು. ಮೊದಲ ದಿನವೇ ಒಬ್ಬ ಹುಡುಗ ಕೇಳಿದ, "ಸರ್, ಇದನ್ನ ಮೊದ್ಲು ಯಾರು ಮಾಡ್ಯಾರ? ಯೂಟ್ಯೂಬಿನ್ಯಾಗ ಐತೇನ್ರಿ?" ಯಾರೂ ಮಾಡಿಲ್ಲಪ್ಪ ಅಂದೆ. "ಮತ್ತ ಹೆಂಗ ಮಾಡ್ಬೇಕು ಅಂತ ಹೆಂಗ ಗೊತ್ತಾಗ್ತದ್ರಿ?"

ಅವನು ಕೇಳಿದ್ದು ಸರಿ ಇತ್ತು. ಹಳೆಯ ನಾಟಕದಲ್ಲಿ ಪಾತ್ರದ ನಡಿಗೆ, ದನಿ, ಎಲ್ಲಿ ನಿಲ್ಲಬೇಕು ಅನ್ನುವುದೆಲ್ಲ ಹಿಂದೆ ಮಾಡಿದವರಿಂದ ಬರುತ್ತದೆ. ಹೊಸ ನಾಟಕದಲ್ಲಿ ಹಿಂದೆ ಯಾರೂ ಇಲ್ಲ. ಜನ ಎಲ್ಲಿ ನಗುತ್ತಾರೆ, ಎಲ್ಲಿ ಮಾತಾಡದೆ ಕೂರುತ್ತಾರೆ ಅಂತ ಬರೆದವನಿಗೂ ಗೊತ್ತಿಲ್ಲ. ತಾಲೀಮಿನ ತುಂಬ ನಾವು ಮಾಡಿದ್ದು ಇದನ್ನೇ: ಪ್ರತಿ ಮಾತನ್ನೂ ಮೊದಲ ಸಲ ಯಾರಾದರೂ ಬಾಯಿ ಬಿಟ್ಟು ಹೇಳಿದರೆ ಏನಾಗುತ್ತದೆ ಅಂತ ನೋಡುವುದು.

ನಾಟಕದ ನಡುವೆ ತಾಯಿಗೆ ಅರ್ಧ ಪುಟದ ಒಂದು ಮಾತಿತ್ತು. ಗೇಟು ಹೋಗಿದೆ ಅಂತ ಮಗ ಓಡಿಬಂದು ಹೇಳಿದಾಗ ಅವಳು ನದಿಯ ಬಗ್ಗೆ, ಗಂಡ ಸತ್ತ ಮೇಲೆ ತಾನು ಹೊಲ ಉಳಿಸಿಕೊಂಡ ಬಗ್ಗೆ ಹೇಳುತ್ತಾಳೆ. ಅಕ್ಕ ಅದನ್ನು ಚೆನ್ನಾಗಿಯೇ ಹೇಳಿದರು. ಕಣ್ಣಲ್ಲಿ ನೀರೂ ತಂದರು. ಆಮೇಲೆ ಪುಸ್ತಕ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಇದನ್ನ ಹೇಳಿದ್ರ ಚಪ್ಪಾಳೆ ಬೀಳ್ತಾವ. ನನಗ ಬಿಡು, ಹೇಳಿ ರೂಢಿ. ಆದ್ರ ಆ ಹೊತ್ತಿನ್ಯಾಗ ಆಕಿ ಇಷ್ಟು ಮಾತಾಡ್ತಾಳೇನು? ಸಸಿ ಕಿತ್ತು ಕಟ್ಟು ಕಟ್ಟ್ಯಾಳ. ನಾಳೆಗಂತ ಆಳು ಹೇಳ್ಯಾಳ. ಆಕೀಗೆ ಮೊದ್ಲು ಅದು ನೆಪ್ಪಾಗ್ತದ."

"ಹಂಗಾದ್ರ ಏನು ಹೇಳ್ತಾಳಕ್ಕಾ?"

ಅವರು ಸ್ವಲ್ಪ ಹೊತ್ತು ಕೈಯಲ್ಲಿ ಇಲ್ಲದ ಸಸಿಯನ್ನು ಕಟ್ಟಿದರು. ಆಮೇಲೆ ಮಗನ ಪಾತ್ರದ ಹುಡುಗನ ಕಡೆ ನೋಡದೆಯೇ ಕೇಳಿದರು: "ನಾಳೆ ನಾಟಿಗೆ ಆಳು ಹೇಳೀನಿ. ಬರಬ್ಯಾಡ್ರಿ ಅಂತ ಹೇಳ್ಲೇನು?"

ಅಷ್ಟೇ. ಅರ್ಧ ಪುಟ ಹೋಗಿ ಅಲ್ಲಿ ಈ ಒಂದು ಸಾಲು ಬಂತು. ಆ ಹುಡುಗನಿಗೆ ಉತ್ತರ ಇರಲಿಲ್ಲ. ನನ್ನ ಪ್ರತಿಯಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಹುಡುಗ ಸುಮ್ನೆ ನಿಂತ. ನಾಟಕದಲ್ಲೂ ಹಾಗೇ ನಿಲ್ಲಲಿ ಅಂತ ನಿರ್ದೇಶಕರು ಬರೆದುಕೊಂಡರು. ಆ ಮೌನದಿಂದಲೇ ಮುಂದಿನ ಹತ್ತು ನಿಮಿಷದ ನಾಟಕ ನಡೆಯಿತು. ಹೊಲದ ಕೆಲಸ ಗೊತ್ತಿರುವ ಒಬ್ಬ ನಟಿ ಒಂದು ಹೊಸ ನಾಟಕಕ್ಕೆ ಏನು ಕೊಡಬಲ್ಲರು ಅನ್ನುವುದನ್ನು ನಾನು ಅವತ್ತು ಕಣ್ಣಾರೆ ಕಂಡೆ.

ಸಸಿಯ ವಿಷಯವೂ ಹೇಳಬೇಕು. ಉತ್ಸವ ಇಟ್ಟಿದ್ದು ಮಾರ್ಚ್ 27ರ ವಿಶ್ವ ರಂಗಭೂಮಿ ದಿನದ ಆಸುಪಾಸಿಗೆ. ಆ ದಿನವನ್ನು 1962ರಿಂದ ಜಗತ್ತಿನಾದ್ಯಂತ ಆಚರಿಸುತ್ತಾರೆ. ರಂಗಭೂಮಿಗೆ ಅದು ಹಬ್ಬ, ಆದರೆ ನಮ್ಮ ಕಡೆ ಮಾರ್ಚ್‌ನಲ್ಲಿ ಸಸಿಮಡಿ ಎಲ್ಲಿಂದ ತರುವುದು? ಎರಡನೇ ಬೆಳೆಯ ನಾಟಿ ಆಗಲೇ ಮುಗಿದಿರುತ್ತದೆ. ಪ್ಲಾಸ್ಟಿಕ್ ಹುಲ್ಲು ತರೋಣ ಅಂದರು ಕೆಲವರು. ಉಳ್ಳಾಗಡ್ಡಿ ತಪ್ಪಲು ದೂರಕ್ಕೆ ಸಸಿಯ ಹಾಗೇ ಕಾಣುತ್ತದೆ ಅಂದ ಒಬ್ಬ, ತಂದೂ ನೋಡಿದೆವು. ಅಕ್ಕ ಎರಡಕ್ಕೂ ಒಪ್ಪಲಿಲ್ಲ. ಮನೆಯಲ್ಲಿ ಭತ್ತ ನೆನೆಸಿ, ಚೀಲದಲ್ಲಿ ಕಟ್ಟಿ ಮೊಳಕೆ ಬರಿಸಿ, ಮಾಳಿಗೆ ಮೇಲೆ ಟಬ್ಬುಗಳಲ್ಲಿ ಮಣ್ಣು ತುಂಬಿ ಹಾಕಿದರು. ಬಿಸಿಲು ನೋಡಿದರೆ ಉಳಿಯುತ್ತವೋ ಇಲ್ಲವೋ ಅನ್ನುವಂತಿತ್ತು. ದಿನಾ ಎರಡು ಹೊತ್ತು ನೀರು ಹಾಕಿ, ಮಧ್ಯಾಹ್ನ ಸೀರೆ ನೆರಳು ಕಟ್ಟಿ ಉಳಿಸಿದರು. ಮೂರು ವಾರದಲ್ಲಿ ಗೇಣುದ್ದ ಬಂದವು. ಬೇರಿನಲ್ಲಿ ಮಣ್ಣು ಇರುವ ನಿಜವಾದ ಸಸಿ. ಕಟ್ಟು ಕಟ್ಟುವಾಗ ಬೇರನ್ನು ನೀರಿನಲ್ಲಿ ಅದ್ದಿ ಮಣ್ಣು ತೊಳೆಯುತ್ತಾರಲ್ಲ, ಆ ಸದ್ದು ಬೇರೆ ಯಾವುದರಿಂದಲೂ ಬರುವುದಿಲ್ಲ. ಕತ್ತಲಲ್ಲಿ ನಾಟಕ ಶುರುವಾಗುವುದೇ ಆ ಸದ್ದಿನಿಂದ ಅಂತ ಮಾಡಿಕೊಂಡೆವು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ದನಿ ಇಳಿಸುವ ಕೆಲಸ. ಜಾತ್ರೆ ನಾಟಕದಲ್ಲಿ ಸಾವಿರ ಜನರಿಗೆ ಕೇಳಿಸಬೇಕು, ತೂಗುಬಿಟ್ಟ ಮೈಕಿನ ಕೆಳಗೆ ಬಂದು ನಿಂತು ಮಾತಾಡಬೇಕು. ಹುಡುಗರಿಗೆ ಅದೇ ರೂಢಿ. ಪಕ್ಕದಲ್ಲಿ ಕೂತ ತಾಯಿಗೆ ಹೇಳುವ ಮಾತನ್ನೂ ಜನರ ಕಡೆ ತಿರುಗಿ ಕೂಗುತ್ತಿದ್ದರು. ನಿರ್ದೇಶಕರು ಅವರನ್ನು ಬೈಯಲಿಲ್ಲ, ಬಳ್ಳಾರಿ ರಾಘವರ ಕತೆ ಹೇಳಿದರು.

ಈ ಊರಿನ ರಂಗಭೂಮಿ ಅಂದರೆ ಆ ಹೆಸರು ಬರಲೇಬೇಕು. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ, ಎರಡೂ ಇದೇ ಊರಿನ ನಾಟಕ ಮಂಡಳಿಗಳು. ಇಬ್ಬರೂ ವಕೀಲರು, ಇಬ್ಬರೂ ತಮ್ಮ ಸಭೆಗಳಿಗೆ ತಾವೇ ಹೊಸ ನಾಟಕ ಬರೆದವರು. ಧರ್ಮವರಂ ಅವರ ಸೋದರಳಿಯ ರಾಘವ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡರು. ಅವರೂ ವಕೀಲರೇ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಪಾತ್ರ ಮಾಡಿದರು. ಪಾತ್ರ ಸಾಯುವ ಹೊತ್ತಿನಲ್ಲೂ ರಾಗ ಎಳೆದು ಪದ್ಯ ಹಾಡುತ್ತಿದ್ದ ಕಾಲ ಅದು. ಪದ್ಯದ ಹಾವಳಿ ಕಡಿಮೆ ಮಾಡಿ, ಮನುಷ್ಯರು ಮಾತಾಡುವಂತೆ ಮಾತಾಡಿ ಅಂತ ಅವರು ಹಟ ಹಿಡಿದರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಅಂದರು. ರಾಘವ ಕಲಾಮಂದಿರದ ಮುಂದೆ ದಿನಾ ಓಡಾಡುವ ನಮ್ಮ ಹುಡುಗರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ದನಿ ಇಳಿಯಿತು. ಯಾರನ್ನೋ ನಕಲು ಮಾಡಿ ಇಳಿಸಿದ್ದಲ್ಲ, ಇದು ನಮ್ಮ ಊರಿನದೇ ದಾರಿ ಅನ್ನುವ ಧೈರ್ಯದಲ್ಲಿ ಇಳಿಯಿತು.

ಗೊಬ್ಬರದ ಅಂಗಡಿ ಹುಡುಗ ನಾಟಕದಲ್ಲಿ ಅರ್ಧ ತೆಲುಗು ಮಾತಾಡುತ್ತಾನೆ. ಅದನ್ನು ತೆಗೆಯಬೇಕಾ ಅಂತ ಒಮ್ಮೆ ಚರ್ಚೆ ಬಂತು. ನಾನು ಬಿಡಲಿಲ್ಲ. ಈ ಜಿಲ್ಲೆ 1953ರವರೆಗೆ ಮದರಾಸಿಗೆ ಸೇರಿತ್ತು. ಇವತ್ತಿಗೂ ಸಂತೆಯಲ್ಲಿ ಒಂದೇ ವ್ಯಾಪಾರ ಎರಡು ಭಾಷೆಯಲ್ಲಿ ನಡೆಯುತ್ತದೆ. ರಂಗದ ಮೇಲೆ ಮಾತ್ರ ಎಲ್ಲರೂ ಪುಸ್ತಕದ ಕನ್ನಡ ಮಾತಾಡಿದರೆ ಅದು ಬಳ್ಳಾರಿ ಹೇಗಾಗುತ್ತದೆ?

ಇನ್ನು ಗೇಟು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ನಮಗೆ ಸಿಕ್ಕ ರಂಗವೇ ಅಷ್ಟು ಅಗಲ ಇರಲಿಲ್ಲ. ತೋರಿಸುವುದು ಬೇಡ, ಕೇಳಿಸೋಣ ಅಂತ ತೀರ್ಮಾನ ಆಯಿತು. ರೆಕಾರ್ಡ್ ಮಾಡಿದ ನೀರಿನ ಸದ್ದು ಹಾಕಿ ನೋಡಿದೆವು, ಸಿನಿಮಾದ ಹಾಗೆ ಕೇಳಿಸಿತು. ಜೀನ್ಸ್ ಘಟಕದ ಹುಡುಗ ಒಂದು ದಪ್ಪ ಚೈನು, ಒಂದು ತಗಡಿನ ಹಾಳೆ ತಂದ. ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ, ತಗಡನ್ನು ಓರೆಯಾಗಿ ನಿಲ್ಲಿಸಿ, ಚೈನನ್ನು ಕೊಂಡಿ ಕೊಂಡಿಯಾಗಿ ಅದರ ಮೇಲೆ ಇಳಿಬಿಟ್ಟು, ಕೊನೆಗೆ ಒಮ್ಮೆಗೇ ಕೈಬಿಡುವುದು. ಆಮೇಲೆ ಸಂಪೂರ್ಣ ನಿಶ್ಶಬ್ದ. ನಾಟಕದಲ್ಲಿ ಅಣೆಕಟ್ಟು ಬರುವುದು ಆ ಒಂದು ಸಲ ಮಾತ್ರ.

ಬೆಳಕಿಗೆ ಎಲ್ಲ ತಂಡಗಳಿಗೂ ಸೇರಿ ಒಂದೇ ವಿನ್ಯಾಸ ಮಾಡಿಟ್ಟಿದ್ದರು. ಇಂಥ ಉತ್ಸವಗಳಲ್ಲಿ ಅದೇ ಸರಿ. ಒಂದು ಸಂಜೆಗೆ ಮೂರು ನಾಟಕ ಇರುವಾಗ ಪ್ರತಿ ತಂಡಕ್ಕೂ ಏಣಿ ಹಾಕಿ ಲೈಟು ತಿರುಗಿಸುತ್ತಾ ಕೂತರೆ ಜನ ಎದ್ದು ಹೋಗುತ್ತಾರೆ. ನಮಗೆ ಸಿಕ್ಕಿದ್ದು ಒಂದು ನೀಲಿ, ಒಂದು ಮೂಲೆಯ ಸ್ಪಾಟು. ಉಳಿದ ಬೆಳಕೆಲ್ಲ ಪಾತ್ರಗಳ ಕೈಯಲ್ಲಿರುವ ಟಾರ್ಚು, ಮೊಬೈಲು. ಅದರಿಂದ ಒಳ್ಳೆಯದೇ ಆಯಿತು. ಸುದ್ದಿ ಬಂದ ಕಡೆಗೆ ಬೆಳಕು ಹೋಗುತ್ತಿತ್ತು.

ಉತ್ಸವದ ಸಂಜೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉದ್ಘಾಟನೆ, ಸನ್ಮಾನ, ಭಾಷಣ ಇದ್ದವು. ನಾಟಕಗಳನ್ನು ಮಾತ್ರ ಬಿಡುವಂತಿಲ್ಲ. ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಾ ಮನೆ ಬಾಗಿಲಲ್ಲಿ ಕೂತ ಮೂವರು ಹೆಂಗಸರ ನಾಟಕವೊಂದು ಇತ್ತು. ನಾಟಕ ಮುಗಿಯುವವರೆಗೂ ಅವರ ಕತ್ತರಿ ನಿಲ್ಲಲಿಲ್ಲ. ಮಾತಾಡುವಾಗಲೂ, ಅಳುವಾಗಲೂ ಕಚಕಚ ಸದ್ದು. ನಾನು ನೋಡಿದ ಎಲ್ಲದರಲ್ಲಿ ಅದೇ ಗಟ್ಟಿ ನಾಟಕ, ನಮ್ಮದಕ್ಕಿಂತಲೂ. ಕೊಪ್ಪಳದ ತಂಡ ತೊಗಲುಗೊಂಬೆ ಆಡಿಸುವ ಕುಟುಂಬದ ಕತೆ ತಂದಿತ್ತು. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಆ ಕಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಗೊಂಬೆಪೆಟ್ಟಿಗೆ ಮುಂದೆ ಯಾರ ಪಾಲಿಗೆ ಅಂತ ಮನೆಯೊಳಗೆ ನಡೆಯುವ ಜಗಳವನ್ನು ಅವರು ತೋರಿಸಿದ ರೀತಿ ಬೇರೆ. ಪರದೆಯ ಹಿಂದೆ ಮನುಷ್ಯರ ನೆರಳು, ಮುಂದೆ ಗೊಂಬೆಗಳು.

ನಮ್ಮ ನಾಟಕದ ದಿನ ಸಭಾಂಗಣ ಮುಕ್ಕಾಲು ತುಂಬಿತ್ತು. ಸಿರುಗುಪ್ಪ, ಕುರುಗೋಡು ಕಡೆಯಿಂದಲೂ ಜನ ಬಂದಿದ್ದರು. ಕತ್ತಲಾಯಿತು. ಬೇರು ತೊಳೆಯುವ ಸದ್ದು. ನನ್ನ ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ "ಸಸಿ" ಅಂದರು. ಬೆಳಕು ಇನ್ನೂ ಬಂದಿರಲಿಲ್ಲ.

ನಗು ಬಂದದ್ದು ಯಾರೂ ಎಣಿಸದ ಕಡೆ. ಗ್ಯಾಂಗ್‌ಮನ್ ಮೇಲಿನ ಸಾಹೇಬರಿಗೆ ಫೋನ್ ಮಾಡುತ್ತಾನೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಫೋನಿನ ಹೆಣ್ಣುದನಿ ಹೇಳುತ್ತದೆ. ನಮ್ಮ ಪ್ರಕಾರ ಅದು ಭಯದ ಜಾಗ. ಜನ ಹೋ ಅಂತ ನಕ್ಕರು. ಆ ಪಾತ್ರ ಮಾಡಿದ ಬ್ಯಾಂಕಿನವರು ಗಾಬರಿಯಾಗದೆ ನಗು ಇಳಿಯುವವರೆಗೆ ಕಾದರು. ಮತ್ತೆ ಒತ್ತಿದರು. ಅದೇ ದನಿ. ಸ್ವಲ್ಪ ನಗು. ಮೂರನೇ ಸಲ ಒತ್ತಿದಾಗ ಯಾರೂ ನಗಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಒಂದೇ ಕರೆ. ಉಳಿದ ಎರಡನ್ನು ಅವರು ಅಲ್ಲೇ ಸೇರಿಸಿದ್ದು, ಜನರ ಉಸಿರು ನೋಡಿಕೊಂಡು. ಈಗ ಪ್ರತಿಯಲ್ಲಿ ಮೂರು ಕರೆ ಇವೆ.

ಅಕ್ಕನ ಸಾಲು ಬಂದಾಗ ಚಪ್ಪಾಳೆ ಬೀಳಲಿಲ್ಲ. ಮುಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬರು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಪಕ್ಕದವರ ಕಡೆ ತಿರುಗಿ ಏನೋ ಹೇಳಿದರು. ಆ ಪಕ್ಕದವರು ಹೌದೆಂದು ತಲೆಯಾಡಿಸಿದರು. ಮಾರನೇ ದಿನ ಈ ವಿಷಯ ಹೇಳಿದರೆ ಅಕ್ಕ, "ಚಪ್ಪಾಳಿ ಬಿದ್ದಿದ್ರ ನಾನು ಕೆಟ್ಟದಾಗಿ ಮಾಡೀನಿ ಅಂತ ಅರ್ಥ" ಅಂದರು.

ನಾಟಕ ಮುಗಿದ ಮೇಲೆ ಸಂವಾದ ಇತ್ತು. ನಟರು ಬಣ್ಣ ಒರೆಸಿಕೊಳ್ಳದೆ ರಂಗದ ಅಂಚಿನಲ್ಲಿ ಕೂರಬೇಕು, ಜನ ಕೇಳಬೇಕು. ಹೊಸ ನಾಟಕಕ್ಕೆ ಇದಕ್ಕಿಂತ ದೊಡ್ಡ ಲಾಭ ಇಲ್ಲ. ಬೆಳಕು ಚೆನ್ನಾಗಿತ್ತು, ಹುಡುಗ ಚೆನ್ನಾಗಿ ಮಾಡಿದ ಅನ್ನುವ ಮಾತುಗಳ ನಡುವೆ ಹಿರಿಯ ರೈತರೊಬ್ಬರು ಎದ್ದರು. ಪಟಗ ಸುತ್ತಿದ್ದರು, ಮೈಕು ಬೇಡ ಅಂದರು.

"ನಾಟ್ಕ ಚಲೋ ಐತ್ರಿ. ಒಂದು ಮಾತು. ಗೇಟು ಹೋತು, ನೀರು ಹೋತು ಅಂತ ನೀವು ಆ ಒಂದು ರಾತ್ರಿ ಅಳ್ತೀರಿ. ನಮ್ದು ಕಾಲುವಿ ಕೊನೀ ಭಾಗದ ಹೊಲ. ಡ್ಯಾಮು ತುಂಬಿದ್ರೂ ನಮಗ ನೀರು ಬರಂಗಿಲ್ಲ. ಮ್ಯಾಲಿನವರು ಪಂಪ್ ಇಟ್ಟು ಎಳೀತಾರ. ನಿಮ್ಮ ನಾಟ್ಕದಾಗ ಆ ಹೆಣ್ಮಗಳ ಹೊಲ ಎಲ್ಲೈತ್ರಿ? ಮ್ಯಾಲೋ, ಕೆಳಗೋ?"

ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಡ್ಯಾಮಿನ ‘ಕೆಳಮಟ್ಟದ ಕಾಲುವೆ’ ಅನ್ನುವ ಕಾಲುವೆಯ ಮೇಲೆ ಎಲ್ಲಾದರೂ ಇರಲಿ ಅಂತ ಬರೆದಿದ್ದೆ, ಅದಕ್ಕಿಂತ ಮುಂದೆ ನಾಟಕ ಹೋಗಿರಲಿಲ್ಲ. ಈಗ ಅವಳ ಹೊಲ ಕೊನೆ ಭಾಗದಲ್ಲಿದೆ. ಆ ವರ್ಷ ಮೊದಲ ಸಲ ಅಲ್ಲಿಗೆ ಸರಿಯಾಗಿ ನೀರು ಬಂದಿದೆ, ಅದಕ್ಕೇ ಧೈರ್ಯ ಮಾಡಿ ಸಾಲ ತಂದು ಸಸಿ ಹಾಕಿದ್ದಾಳೆ. ಗ್ಯಾಂಗ್‌ಮನ್‌ಗೂ ಅವಳಿಗೂ ನಡುವೆ ಹಳೆಯ ಜಗಳ ಇದೆ. ಇಷ್ಟು ಬದಲಾದದ್ದೇ ಗೊಬ್ಬರದ ಹುಡುಗನ ಪ್ರತಿ ಮಾತಿನ ತೂಕ ಬೇರೆಯಾಯಿತು. ನಾಟಕ 40 ನಿಮಿಷದ ಒಳಗೇ ಇದೆ.

ರಾಯಚೂರಿನ ಒಂದು ತಂಡ ಪ್ರತಿ ಕೇಳಿತು, ಕಳಿಸಿದ್ದೇನೆ. ಮಾತನ್ನು ನದಿಯ ಎಡದಂಡೆಯ ನಿಮ್ಮ ಕಡೆಯ ಮಾತಿಗೆ ಬದಲಿಸಿಕೊಳ್ಳಿ, ಕಾಲುವೆ ಹೆಸರೂ ನಿಮ್ಮದೇ ಇರಲಿ, ಅಕ್ಕನ ಸಾಲು ಮಾತ್ರ ಮುಟ್ಟಬೇಡಿ ಅಂತ ಬರೆದಿದ್ದೇನೆ. ಪಟಗದ ಹಿರಿಯರ ಊರಿನವರು ಜಾತ್ರೆಯಲ್ಲಿ, ದೊಡ್ಡ ನಾಟಕಕ್ಕೆ ಮುಂಚೆ ನಮ್ಮದನ್ನು ಆಡಿಸುತ್ತೇವೆ ಅಂದಿದ್ದಾರೆ. ಅಲ್ಲಿ ಬೆಳಕು ಏರಿಳಿಸುವ ಡಿಮ್ಮರ್ ಇಲ್ಲ, ಕತ್ತಲೆಯೂ ಪೂರ್ತಿ ಸಿಗುವುದಿಲ್ಲ. ಒಂದಾದರೂ ಹಾಡು ಇಲ್ಲದಿದ್ದರೆ ಜನ ಕೂರುವುದಿಲ್ಲ ಅನ್ನುವುದು ಅಕ್ಕನ ಮಾತು. ನಾಟಿ ಮಾಡುವಾಗ ಹೆಂಗಸರು ನಿಜವಾಗಿ ಹಾಡುವ ಒಂದು ಹಾಡನ್ನು ಅವರೇ ಹೇಳಿಕೊಟ್ಟಿದ್ದಾರೆ. ಪೇಟಿ ಮಾಸ್ತರರು ಅದಕ್ಕೆ ಶ್ರುತಿ ನೋಡುತ್ತಿದ್ದಾರೆ. ಟಬ್ಬಿಗೆ ಭತ್ತ ಮತ್ತೆ ಹಾಕಿದ್ದಾಗಿದೆ.